ಹತ್ತು ಜನರಿಂದ ಒಂಬತ್ತೇ ಜನಕ್ಕೆ

ಕೇಳುಗರೆಲ್ಲರಿಗೂ ನಮಸ್ಕಾರ. ಅಡುಗೆಮನೆಯಲ್ಲಿ ರೇಡಿಯೋ ಹಚ್ಚಿಟ್ಟುಕೊಂಡು ಕೆಲಸ ಮಾಡುತ್ತಿರುವ ತಾಯಂದಿರಿಗೆ ಅಂತಲೇ ಇವತ್ತು ಮಾತಾಡುತ್ತೇನೆ. ಕಂಕುಳಲ್ಲಿ ಮಗು ಇದ್ದರೆ ಇನ್ನೂ ಒಳ್ಳೆಯದು.

ಅಂಟುರೋಗ ಊರಲ್ಲಿ ಹೇಗೆ ಹರಡುತ್ತದೆ ಅಂತ ಲೆಕ್ಕ ಹಾಕುವುದು ನನ್ನ ಕೆಲಸ. "ಅಂದ್ರೆ ಭವಿಷ್ಯ ಹೇಳ್ತೀರಾ?" ಅಂತ ಸುಮಾರು ಜನ ಕೇಳುತ್ತಾರೆ. ಭವಿಷ್ಯ ಅಲ್ಲ, ಲೆಕ್ಕ. ಇವತ್ತು ಅದರಲ್ಲಿ ಒಂದೇ ಒಂದು ಹೇಳುತ್ತೇನೆ. ಹತ್ತು ರೋಗಿಗಳಿಂದ ಹನ್ನೊಂದು ಜನಕ್ಕೆ ಅಂಟಿದರೆ ರೋಗ ಬೆಳೆಯುತ್ತದೆ. ಒಂಬತ್ತೇ ಜನಕ್ಕೆ ಅಂಟಿದರೆ ಆರಿಹೋಗುತ್ತದೆ.

ಈ ಲೆಕ್ಕಕ್ಕೂ ನಮ್ಮ ದೇಶಕ್ಕೂ ಹಳೆಯ ನಂಟಿದೆ. 1905ರ ಡಿಸೆಂಬರಿನಿಂದ 1906ರ ಜುಲೈವರೆಗೆ ಮುಂಬೈಯಲ್ಲಿ ಪ್ಲೇಗ್ ಏರಿತು, ಇಳಿಯಿತು. ಊರಿನವರಿಗೆಲ್ಲ ಬರುವ ಮೊದಲೇ ಇಳಿದದ್ದು ಯಾಕೆ? 1927ರಲ್ಲಿ ಕೆರ್ಮ್ಯಾಕ್ ಮತ್ತು ಮೆಕೆಂಡ್ರಿಕ್ ಎಂಬಿಬ್ಬರು ಇದಕ್ಕೆ ಲೆಕ್ಕದಲ್ಲಿ ಉತ್ತರ ಕೊಟ್ಟರು, ಆ ಮುಂಬೈ ಅಂಕಿಗಳನ್ನೇ ಮುಂದಿಟ್ಟುಕೊಂಡು. ರೋಗ ಇನ್ನೂ ಅಂಟದವರು ಕಡಿಮೆಯಾಗುತ್ತಾ ಬಂದ ಹಾಗೆ ಹತ್ತು ಜನರಿಂದ ಒಂಬತ್ತೇ ಜನಕ್ಕೆ ಅಂಟತೊಡಗುತ್ತದೆ, ಅಲ್ಲಿಂದ ಇಳಿತ. ಮೆಕೆಂಡ್ರಿಕ್ ಭಾರತದಲ್ಲಿ ಕೆಲಸ ಮಾಡಿದ್ದ ಡಾಕ್ಟರು. ಕೆರ್ಮ್ಯಾಕ್‌ಗೆ ಪ್ರಯೋಗಾಲಯದ ಅಪಘಾತದಲ್ಲಿ ಎರಡೂ ಕಣ್ಣು ಹೋಗಿದ್ದವು. ಕಣ್ಣಿಲ್ಲದವರು ಕಂಡ ಲೆಕ್ಕ ಇದು. ನೆನೆಸಿಕೊಂಡಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಇದನ್ನು ಮಕ್ಕಳಿಗೆ ಹೇಳುವುದು ಹೇಗೆ? ಶಿರಾ ಕಡೆಯ ಹಳ್ಳಿಯೊಂದರ ಶಾಲೆಗೆ ಹೋಗಿದ್ದೆ. ಅಂಗಳದ ಹುಣಸೆಮರದ ಕೆಳಗೆ ಬೇಕಾದಷ್ಟು ಬೀಜ ಬಿದ್ದಿತ್ತು. 40 ಮಕ್ಕಳನ್ನು ನಿಲ್ಲಿಸಿ ಒಬ್ಬಳಿಗೆ ಒಂದು ಬೀಜ ಕೊಟ್ಟೆ. "ಇದೇ ರೋಗ. ಬೀಜ ಸಿಕ್ಕವರು ಇನ್ನೂ ಸಿಗದ ಇಬ್ಬರಿಗೆ ಒಂದೊಂದು ಕೊಟ್ಟು ಕೂತುಬಿಡಿ" ಅಂದೆ. ಒಂದು, ಎರಡು, ನಾಲ್ಕು, ಎಂಟು, ಹದಿನಾರು. ಆರನೇ ಸುತ್ತಿಗೆ ಉಳಿದದ್ದು ಒಂಬತ್ತೇ ಮಕ್ಕಳು. ಅವರ ಕೈಗೂ ಬೀಜ ಬಂತು. ಎಲ್ಲರಿಗೂ ಒಂದೇ ನಗು.

ಎರಡನೇ ಆಟಕ್ಕೆ 30 ಮಕ್ಕಳ ಅಂಗೈಗೆ ಸೀಮೆಸುಣ್ಣದ ಗೀಟು ಎಳೆದೆ. ಅದು ಲಸಿಕೆ. ಗೀಟಿದ್ದ ಕೈಗೆ ಬಿದ್ದ ಬೀಜ ಅಲ್ಲಿಗೇ ಮುಗಿಯಿತು, ಮುಂದೆ ಕೊಡುವ ಹಾಗಿಲ್ಲ. ಎಲ್ಲರೂ ಕೈಯನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡು ನಿಂತರು, ಯಾರಿಗೆ ಗೀಟಿದೆ ಅಂತ ಗೊತ್ತಾಗಬಾರದಲ್ಲ. ಗೀಟಿಲ್ಲದ ಒಬ್ಬಳಿಂದ ಆಟ ಶುರು. ಅವಳ ಒಂದು ಬೀಜ ಗೀಟಿದ್ದವಳಿಗೆ ಹೋಯಿತು. ಇನ್ನೊಂದು ಗೀಟಿಲ್ಲದ ಹುಡುಗನಿಗೆ. ಅವನು ಕೊಟ್ಟ ಎರಡೂ ಬೀಜ ಗೀಟಿನ ಕೈಗೇ ಬಿದ್ದವು. ಆಟ ಮುಗಿಯಿತು!

ಹಿಂದಿನ ಸಾಲಿನ ಪುಟ್ಟ ಹುಡುಗಿಯೊಬ್ಬಳು ಖಾಲಿ ಅಂಗೈ ತೋರಿಸುತ್ತಾ ಬಂದಳು. "ಮಿಸ್, ನನ್ ಕೈಲಿ ಗೀಟೇ ಇಲ್ಲ. ಆದ್ರೂ ನಂಗ್ಯಾಕೆ ಬೀಜ ಬರ್ಲಿಲ್ಲ?"

ನೋಡಿ, ಇಡೀ ಲೆಕ್ಕ ಆ ಪ್ರಶ್ನೆಯಲ್ಲೇ ಇದೆ. ಸುತ್ತಲಿನವರ ಕೈಯಲ್ಲಿ ಗೀಟಿತ್ತು, ಅದಕ್ಕೇ ಬರಲಿಲ್ಲ ಪುಟ್ಟಿ.

ಸಮಯ ಆಗುತ್ತಾ ಬಂತು ಅಂತ ಗಾಜಿನ ಆಚೆಯಿಂದ ಕೈ ತೋರಿಸುತ್ತಿದ್ದಾರೆ, ಬೇಗ ಹೇಳುತ್ತೇನೆ. ಸಿಡುಬು ನಮ್ಮ ದೇಶದಿಂದ 1975ರಲ್ಲಿ ಹೋದದ್ದೂ ಹೀಗೆಯೇ. ರೋಗಿಯ ಸುತ್ತ ಇದ್ದವರನ್ನು ಹುಡುಕಿ ಹುಡುಕಿ ಲಸಿಕೆ ಹಾಕಿದರು. ಆದರೆ ದಡಾರ ಇದೆಯಲ್ಲ, ಅದಕ್ಕೆ ಅಂಟುವ ಶಕ್ತಿ ತುಂಬಾ ಜಾಸ್ತಿ. ಲಸಿಕೆ ಇಲ್ಲದ ಊರಲ್ಲಿ ಒಬ್ಬರಿಂದ 12ರಿಂದ 18 ಜನಕ್ಕೆ ಅಂಟುತ್ತದೆ. ಹಾಗಾಗಿ ಹತ್ತಕ್ಕೆ ಒಂಬತ್ತು ಎಂಬ ಆ ಲೆಕ್ಕ ಕೂಡಬೇಕಾದರೆ 100ರಲ್ಲಿ 95 ಕೈಗೆ ಗೀಟು ಬೇಕು. "ಪಕ್ಕದ ಮನೆಯವರೆಲ್ಲ ಹಾಕಿಸಿದ್ದಾರೆ, ನಮ್ಮ ಮಗುವಿಗೆ ಬಿಡಿ" ಅನ್ನುವವರಿಗೆ ದಯವಿಟ್ಟು ಇದನ್ನು ಹೇಳಿ. ಈ ಮಾತು ಎಷ್ಟು ಸಲ ಕೇಳಿದ್ದೇನೋ!

ಒಂಬತ್ತು ತಿಂಗಳು ತುಂಬದ ಕೂಸಿಗೆ ಸಾಮಾನ್ಯವಾಗಿ ದಡಾರದ ಚುಚ್ಚುಮದ್ದು ಕೊಡುವುದಿಲ್ಲ. ಖಾಲಿ ಅಂಗೈ ತೋರಿಸಿದಳಲ್ಲ, ಆ ಪುಟ್ಟಿಯ ಹಾಗೆ ಈ ಕೂಸು. ಅದನ್ನು ಕಾಯುವುದು ನಿಮ್ಮ ದೊಡ್ಡ ಮಗುವಿನ ಕೈಯ ಗೀಟು, ಎದುರುಮನೆ ಮಗುವಿನ ಕೈಯ ಗೀಟು.

ಈಗ ತಾಯಿ ಕಾರ್ಡು ತೆಗೆಯಿರಿ. ಮೊದಲ ಡೋಸು ಒಂಬತ್ತು ತಿಂಗಳು ತುಂಬಿದ ಮೇಲೆ, ಎರಡನೆಯದು 16ರಿಂದ 24 ತಿಂಗಳ ಒಳಗೆ. ಜಾಸ್ತಿ ಮರೆತುಹೋಗುವುದು ಆ ಎರಡನೆಯದೇ. ಅಲ್ಲಿ ತಾರೀಖು ಬರೆದಿಲ್ಲ ಅಂದರೆ ನಿಮ್ಮ ಆಶಾ ಅಕ್ಕನಿಗೆ ಇವತ್ತೇ ಒಂದು ಫೋನ್ ಮಾಡಿ.

ನಮಸ್ಕಾರ.