'ಬೇಡ' ಅಂದಾಗ ಅವರು ಏನು ಮಾಡುತ್ತಾರೆ?

ನಮಸ್ಕಾರ ಕೇಳುಗರೇ. ಒಂದೆರಡು ವರ್ಷದಿಂದ ಪ್ರೀತಿಸಿದವರ ಜೊತೆಯಲ್ಲಿ ಓಡಾಡುತ್ತಿದ್ದೀರಿ. ಕಬ್ಬನ್ ಪಾರ್ಕ್, ವಿ.ವಿ. ಪುರದ ತಿಂಡಿ ಬೀದಿ, ನಂದಿ ಬೆಟ್ಟ ಎಲ್ಲಾ ಆಯಿತು. ಇನ್ನು ಮನೆಯಲ್ಲಿ ಹೇಳಬೇಕು. ಆದರೆ ಒಳಗೊಳಗೇ ಅಳುಕು. ಇವರನ್ನೇ ಮದುವೆ ಆಗಬಹುದಾ? ಇವತ್ತು ನಿಮ್ಮ ಜೊತೆಯೇ ನನ್ನ ಮಾತು.

ಮದುವೆಗೆ ಮುಂಚೆ ಜೋಡಿಗಳನ್ನು ಕೂರಿಸಿಕೊಂಡು ಮಾತಾಡಿಸುವುದು ನನ್ನ ಕೆಲಸ. ಬರುವವರೆಲ್ಲ ಒಂದು ಪಟ್ಟಿ ತರುತ್ತಾರೆ. ಇಬ್ಬರಿಗೂ ಟ್ರೆಕ್ಕಿಂಗ್ ಇಷ್ಟ, ಇಬ್ಬರಿಗೂ ಫಿಲ್ಟರ್ ಕಾಫಿ ಇಷ್ಟ. ಹಿರಿಯರು ಸಾಲಾವಳಿ ನೋಡಿಸುತ್ತಾರೆ, 36 ಗುಣದಲ್ಲಿ 18 ದಾಟಿದರೆ ಅವರಿಗೆ ಸಮಾಧಾನ. ಇರಲಿ. ನಾನು ಕೇಳುವುದು ಒಂದೇ ಪ್ರಶ್ನೆ. ನೀವು 'ಬೇಡ' ಅಂದಾಗ ಅವರು ಏನು ಮಾಡುತ್ತಾರೆ?

ಒಬ್ಬ ಹುಡುಗಿ ಬಂದಿದ್ದಳು. ವೈಟ್‌ಫೀಲ್ಡ್‌ನಲ್ಲಿ ಕೆಲಸ. "ಮೇಡಂ, ನಾವು ಒಂದು ಸಲವೂ ಜಗಳ ಆಡಿಲ್ಲ" ಅಂದಳು, ಹೆಮ್ಮೆಯಿಂದ. ನನಗೆ ಗಾಬರಿಯಾಯಿತು. "ಯಾವತ್ತಾದರೂ ಅವನಿಗೆ ಬೇಡ ಅಂದಿದ್ದೀಯೇನಮ್ಮಾ?" ಅಂತ ಕೇಳಿದೆ. ತುಂಬಾ ಹೊತ್ತು ಯೋಚಿಸಿದಳು. ನೆನಪಾಗಲಿಲ್ಲ. ಸಿನಿಮಾ ಅವನು ಹೇಳಿದ್ದು, ಹೋಟೆಲ್ ಅವನು ಹೇಳಿದ್ದು. ಅವನೇನೂ ಬಲವಂತ ಮಾಡಿರಲಿಲ್ಲ. ಇವಳು ಬಾಯಿ ಬಿಟ್ಟಿರಲಿಲ್ಲ, ಅಷ್ಟೇ. ಹೋಗಿ ಒಂದು ಸಣ್ಣ ವಿಷಯಕ್ಕೆ ಬೇಡ ಅನ್ನು ಅಂದೆ.

ಆ ಭಾನುವಾರ ಅವನ ಸ್ನೇಹಿತರ ಮನೆಯಲ್ಲಿ ಊಟ. "ನಾನು ಬರಲ್ಲ, ಚಿಕ್ಕಮ್ಮನ ಮನೆಗೆ ಹೋಗ್ತೀನಿ" ಅಂದಳು. ಅವನ ಮುಖ ಚಿಕ್ಕದಾಯಿತು. ಬೇಜಾರಾಯ್ತು ಅಂತ ನೇರವಾಗಿಯೇ ಹೇಳಿದ. ರಾತ್ರಿ ಫೋನ್ ಮಾಡಿ, "ಚಿಕ್ಕಮ್ಮ ಹೇಗಿದ್ದಾರೆ? ಇಷ್ಟು ದಿನ ನಿನಗೆ ಇಷ್ಟ ಇಲ್ಲದ ಕಡೆಗೂ ಕರ್ಕೊಂಡು ಹೋಗಿದ್ದೀನಾ?" ಅಂತ ಕೇಳಿದನಂತೆ. ಅವಳಿಗೆ ಧೈರ್ಯ ಬಂತು. ದೊಡ್ಡ ವಿಷಯವನ್ನೇ ಎತ್ತಿದಳು. ಮದುವೆಯಾದ ಮೇಲೂ ಕೆಲಸ ಬಿಡುವುದಿಲ್ಲ, ಅಪ್ಪನಿಗೆ ತಿಂಗಳು ತಿಂಗಳು ದುಡ್ಡು ಕಳಿಸುವುದನ್ನೂ ನಿಲ್ಲಿಸುವುದಿಲ್ಲ. ಅವನು ಕೂಡಲೇ ಒಪ್ಪಲಿಲ್ಲ. ವಾದ ಆಯಿತು. ಆದರೆ ಮಾತು ಬಿಡಲಿಲ್ಲ, ಹಂಗಿಸಲಿಲ್ಲ. ಆಮೇಲೆ ತನ್ನ ತಾಯಿಗೆ ತಾನೇ ಹೋಗಿ ಹೇಳಿದ. ಅವಳನ್ನು ಮುಂದೆ ತಳ್ಳಲಿಲ್ಲ. ಇದು ಮುಖ್ಯ, ನೋಡಿ! ಇಂಥವನ ಜೊತೆ ಸಂಸಾರ ಮಾಡಬಹುದು.

ಹುಡುಗರಿಗೂ ಇದೇ ಮಾತು. ನೀವು ಬೇಡ ಅಂದಿದ್ದಕ್ಕೆ ಅವಳು ವಾರಗಟ್ಟಲೆ ಫೋನ್ ಎತ್ತುವುದಿಲ್ಲವಾ? ಅದನ್ನು ಮುದ್ದು ಅಂದುಕೊಳ್ಳಬೇಡಿ. ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಗಾಟ್‌ಮನ್ ಗಂಡ ಹೆಂಡಿರ ಜಗಳಗಳನ್ನೇ ವರ್ಷಗಟ್ಟಲೆ ಗಮನಿಸಿದವರು. ಸಂಸಾರ ಮುರಿಯುವ ಗುಣಗಳಲ್ಲಿ ತಿರಸ್ಕಾರವೇ ಎಲ್ಲಕ್ಕಿಂತ ಕೆಟ್ಟದ್ದು ಅನ್ನುತ್ತಾರೆ. ಮಾತು ಬಿಡುವುದೂ ಅವರ ಪಟ್ಟಿಯಲ್ಲಿದೆ.

ಸಮಯ ಕಮ್ಮಿ ಇದೆ, ಬೇಗ ಹೇಳುತ್ತೇನೆ. ಸಾಲ ಎಷ್ಟು, ಇಎಂಐ ಎಷ್ಟು, ಮಕ್ಕಳು ಬೇಕಾ, ಅಪ್ಪ ಅಮ್ಮ ಯಾರ ಜೊತೆ ಇರುತ್ತಾರೆ, ಎಲ್ಲವನ್ನೂ ಬಾಯಿ ಬಿಟ್ಟು ಕೇಳಿ. ಧರ್ಮ ಬೇರೆಯಾಗಿದ್ದು 1954ರ ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾಗುವವರು ನೋಟಿಸ್ ಕೊಟ್ಟು 30 ದಿನ ಕಾಯಬೇಕು. ಮನೆಯವರು ಬೇಡ ಅಂದಾಗ ನೀವು ಪ್ರೀತಿಸಿದವರು ಹೇಗಿರುತ್ತಾರೆ ಅನ್ನುವುದನ್ನು ಅದಕ್ಕೂ ಮುಂಚೆಯೇ ನೋಡಿಕೊಳ್ಳಿ.

ಬೇಡ ಅಂದಿದ್ದಕ್ಕೆ ಕೈ ಎತ್ತಿದರೆ, ಫೋನ್ ಕಿತ್ತುಕೊಂಡರೆ, ಮದುವೆಯಾದ ಮೇಲೆ ಸರಿಹೋಗುತ್ತಾರೆ ಅಂತ ದಯವಿಟ್ಟು ಕಾಯಬೇಡಿ. ಹೆಣ್ಣುಮಕ್ಕಳಿಗೆ 181 ಸಹಾಯವಾಣಿ ಇದೆ, ಹಗಲೂ ರಾತ್ರಿ ಕರೆ ಮಾಡಬಹುದು. ನಮಸ್ಕಾರ.