ಪ್ಯಾಕೆಟ್ ಕಳೆದದ್ದು ಎಲ್ಲಿ?

ಎಲ್ಲರಿಗೂ ನಮಸ್ಕಾರ.

ಇಂಟರ್ನೆಟ್ ಕರೆಯ ಧ್ವನಿಯನ್ನು ಒಬ್ಬರಿಂದ ಪಡೆದು ಇನ್ನೊಬ್ಬರಿಗೆ ದಾಟಿಸುವ ಮೀಡಿಯಾ ರಿಲೇ ಸರ್ವರ್ ಮೇಲೆ ಲೋಡ್ ಟೆಸ್ಟ್ (ಒಮ್ಮೆಗೇ ತುಂಬಾ ಕರೆ ಹಾಯಿಸಿ ನೋಡುವ ಪರೀಕ್ಷೆ) ಮುಗಿಸಿದವರು ಸಾಮಾನ್ಯವಾಗಿ ಒಂದೇ ಮಾತು ಹೇಳುತ್ತಾರೆ: "2 ಪರ್ಸೆಂಟ್ ಲಾಸ್ ಬಂತು, ಸರ್ವರ್ ತಡ್ಕೊಳ್ತಿಲ್ಲ." ಲಾಸ್ ಅಂದರೆ ತಲುಪದೇ ಹೋದ ಪ್ಯಾಕೆಟ್‌ಗಳು, ಧ್ವನಿಯ ಸಣ್ಣ ಸಣ್ಣ ತುಣುಕುಗಳು. ಆ 2 ಪರ್ಸೆಂಟ್ ಎಲ್ಲಿ ಹೋಯಿತು ಅಂತ ಮೊದಲು ಕೇಳಬೇಕು. ಎಷ್ಟು ಅನ್ನುವುದು ಆಮೇಲಿನ ಮಾತು.

ಈ ಅಂಕಿ ಹುಟ್ಟುವ ಬಗೆ ನೋಡಿ. ಧ್ವನಿ ಹೊತ್ತೊಯ್ಯುವ ಪ್ರತಿ ಆರ್‌ಟಿಪಿ ಪ್ಯಾಕೆಟ್‌ಗೂ ಒಂದು ಸೀಕ್ವೆನ್ಸ್ ನಂಬರ್, ಅಂದರೆ ಕ್ರಮಸಂಖ್ಯೆ, ಇರುತ್ತದೆ. ಎಷ್ಟು ಬರಬೇಕಿತ್ತು, ಎಷ್ಟು ಬಂತು ಅಂತ ಆಚೆ ತುದಿ ಕಳೆದು ನೋಡುತ್ತದೆ. ಅಷ್ಟೇ. ದಾರಿಯಲ್ಲಿ ಬೀಳಿಸಿದ್ದು ಯಾರು ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಇನ್ನೊಂದು ವಿಷಯ. ಆರ್‌ಟಿಪಿಯ ನಿಯಮ ಹೇಳುವ ಆರ್‌ಎಫ್‌ಸಿ 3550 ಪ್ರಕಾರ ತಡವಾಗಿ ಬಂದ ಪ್ಯಾಕೆಟ್ ಲಾಸ್ ಅಲ್ಲ. ಆದರೆ ಪ್ಯಾಕೆಟ್‌ಗಳನ್ನು ಸ್ವಲ್ಪ ಹೊತ್ತು ಹಿಡಿದಿಟ್ಟು ಒಂದೇ ಗತಿಯಲ್ಲಿ ಕೇಳಿಸುವ ಜಿಟರ್ ಬಫರ್ ಅದನ್ನು ಎಸೆದುಬಿಡುತ್ತದೆ. ಹಾಗಾಗಿ ರಿಪೋರ್ಟ್‌ನಲ್ಲಿ ಲಾಸ್ ಸೊನ್ನೆ ಇದ್ದರೂ ಕೇಳುವವರಿಗೆ ಮಾತು ಕಡಿದು ಕಡಿದು ಬರಬಹುದು.

ಈಗ ಲೋಡ್ ಎಷ್ಟು ಅಂತ ಲೆಕ್ಕ ಹಾಕೋಣ. ಜಿ.711 ಅನ್ನುವ ಧ್ವನಿ ಕೋಡೆಕ್‌ನಲ್ಲಿ (ಧ್ವನಿಯನ್ನು ಅಂಕಿಗಳಾಗಿಸುವ ವಿಧಾನ) 20 ಮಿಲಿಸೆಕೆಂಡಿಗೆ ಒಂದು ಪ್ಯಾಕೆಟ್ ಅಂದರೆ ಒಂದು ದಿಕ್ಕಿಗೆ ಸೆಕೆಂಡಿಗೆ 50. ಕರೆಗೆ ಎರಡು ದಿಕ್ಕು. 1,000 ಕರೆಗೆ ಸೆಕೆಂಡಿಗೆ 1 ಲಕ್ಷ ಪ್ಯಾಕೆಟ್ ಒಳಗೆ, 1 ಲಕ್ಷ ಹೊರಗೆ. ಐಪಿ ಹೆಡರ್ ಸೇರಿ ಒಂದೊಂದೂ 200 ಬೈಟ್. ಒಂದೊಂದು ಕಡೆಗೆ ಸೆಕೆಂಡಿಗೆ ಸುಮಾರು 160 ಮೆಗಾಬಿಟ್ ಮಾತ್ರ! ಗಿಗಾಬಿಟ್ ಲಿಂಕ್ ಬಹುಪಾಲು ಖಾಲಿ ಇರುತ್ತದೆ, ಆದರೂ ಪ್ಯಾಕೆಟ್ ಬೀಳುತ್ತವೆ. ಇಲ್ಲಿ ಭಾರ ಇರುವುದು ಬೈಟ್‌ಗಳಲ್ಲಲ್ಲ, ಪ್ಯಾಕೆಟ್‌ಗಳ ಸಂಖ್ಯೆಯಲ್ಲಿ.

ಬೀಳುವ ಜಾಗಗಳು ಹಲವು. ನೆಟ್‌ವರ್ಕ್ ಕಾರ್ಡಿನ ರಿಂಗ್ (ಬಂದ ಪ್ಯಾಕೆಟ್ ಕಾಯುವ ಜಾಗ) ತುಂಬಿದರೆ, ಕಾರ್ಡಿನ ಅಂಕಿ ತೋರಿಸುವ ಈಥ್‌ಟೂಲ್ ಕಮಾಂಡ್‌ನ ಕೌಂಟರ್ ಏರುತ್ತದೆ. ಪ್ರೋಗ್ರಾಂ ಪ್ಯಾಕೆಟ್ ಪಡೆಯುವ ಸಾಕೆಟ್‌ನ ಬಫರ್ ತುಂಬಿದರೆ ಲಿನಕ್ಸ್‌ನ ಯುಡಿಪಿ (ಆರ್‌ಟಿಪಿ ಸಾಗುವ ಪ್ರೋಟೋಕಾಲ್) ಅಂಕಿಗಳಲ್ಲಿ ರಿಸೀವ್ ಬಫರ್ ಎರರ್ ಜಾಸ್ತಿಯಾಗುತ್ತದೆ. ಸಂಪರ್ಕಗಳ ಲೆಕ್ಕ ಇಡುವ ಕಾನ್‌ಟ್ರ್ಯಾಕ್ ಟೇಬಲ್ ತುಂಬಿದರೆ ಕರ್ನೆಲ್ ಲಾಗ್‌ನಲ್ಲೇ ಬರೆದಿರುತ್ತದೆ.

ನನ್ನ ಪ್ರಕಾರ ಜಾಸ್ತಿ ಮೋಸ ಮಾಡುವುದು ಟೆಸ್ಟ್‌ನ ಸ್ವರೂಪವೇ. ಬಹಳಷ್ಟು ಕಾರ್ಡ್‌ಗಳು ಯುಡಿಪಿಯನ್ನು ಬರೀ ಐಪಿ ವಿಳಾಸ ನೋಡಿ ಕ್ಯೂಗಳಿಗೆ (ಒಂದೊಂದು ಸಿಪಿಯು ಕೋರ್ ನೋಡಿಕೊಳ್ಳುವ ಸಾಲುಗಳು) ಹಂಚುತ್ತವೆ. ನಿಮ್ಮ ಲೋಡೆಲ್ಲ ಒಂದೇ ಯಂತ್ರದಿಂದ ಬಂದರೆ ಎಲ್ಲವೂ ಒಂದೇ ಕ್ಯೂಗೆ, ಒಂದೇ ಕೋರ್‌ಗೆ ಬಂದು ಬೀಳುತ್ತದೆ. ಆ ಕೋರ್‌ಗೆ ಉಸಿರಾಡಲೂ ಬಿಡುವಿಲ್ಲ, ಉಳಿದವು ಸುಮ್ನೆ ಕೂತಿರುತ್ತವೆ. ಸಿಪಿಯು ಸರಾಸರಿ ಮಾತ್ರ ನೋಡಿದರೆ ಎಲ್ಲ ಚೆನ್ನಾಗಿದೆ ಅನ್ನಿಸುತ್ತದೆ. ನಿಜವಾದ ಬಳಕೆದಾರರು ಸಾವಿರಾರು ವಿಳಾಸಗಳಿಂದ ಬಂದಾಗ ಈ ಲಾಸ್ ಕಾಣಿಸದೇ ಇರಬಹುದು. ಆದ್ದರಿಂದ ಪ್ರತಿ ಕೋರ್ ಅನ್ನೂ ಬೇರೆ ಬೇರೆಯಾಗಿ ನೋಡಿ.

ಲಾಸ್‌ನ ಸರಾಸರಿಯೂ ಹಾಗೇ. 1,000 ಕರೆಗಳಲ್ಲಿ 1 ಪರ್ಸೆಂಟ್ ಅಂದರೆ ಎಲ್ಲರಿಗೂ ನೂರಕ್ಕೊಂದು ಪ್ಯಾಕೆಟ್ ತಪ್ಪಿರಬಹುದು. ಅದು ಕಿವಿಗೆ ಗೊತ್ತಾಗುವುದೇ ಕಷ್ಟ. ಅಥವಾ 10 ಕರೆಗಳಲ್ಲಿ ಒಂದು ಮಾತೂ ಕೇಳಿಸದೇ ಹೋಗಿರಬಹುದು. ಎರಡಕ್ಕೂ ಅಂಕಿ ಒಂದೇ, ಅಲ್ವಾ? ಕರೆವಾರು ಲೆಕ್ಕ ತೆಗೆಯದೆ ಯಾವುದು ಅಂತ ಹೇಳಲಾಗುವುದಿಲ್ಲ.

ನಾನು ಮಾಡುವುದು ಹೀಗೆ. ಕಳಿಸಿದ್ದು, ರಿಲೇಗೆ ಬಂದದ್ದು, ರಿಲೇಯಿಂದ ಹೊರಟದ್ದು, ಕೊನೆಗೆ ತಲುಪಿದ್ದು, ಈ ನಾಲ್ಕು ಎಣಿಕೆ ಪಕ್ಕಪಕ್ಕ ಬರೆಯುತ್ತೇನೆ. ಅಂಕಿ ಎಲ್ಲಿ ಮೊದಲು ಇಳಿಯಿತೋ ಅಲ್ಲಿಂದ ಹುಡುಕಾಟ ಶುರು. ಅದಕ್ಕೂ ಮುಂಚೆ ರಿಲೇಯನ್ನು ನಡುವಿನಿಂದ ತೆಗೆದು, ಕಳಿಸುವ ಯಂತ್ರವನ್ನು ಪಡೆಯುವ ಯಂತ್ರಕ್ಕೆ ನೇರ ಜೋಡಿಸಿ ಅದೇ ಲೋಡ್ ಓಡಿಸುತ್ತೇನೆ. ಅಲ್ಲೂ ಲಾಸ್ ಬಂದರೆ ಮೊದಲು ಸರಿಮಾಡಬೇಕಾದದ್ದು ಟೆಸ್ಟ್ ಯಂತ್ರಗಳನ್ನು.