ತೋಳು ಆಮೇಲೆ, ಮೊದಲು ಆ ಮೂರು ಸೆಕೆಂಡು ನೋಡಿ

ಕೇಳುಗರಿಗೆ ನಮಸ್ಕಾರ. ಏಪ್ರಿಲ್ ಬಂತು ಅಂದ್ರೆ ಅಮೆರಿಕದಲ್ಲಿ ಡ್ರಾಫ್ಟ್ ಗಲಾಟೆ. ಕಾಲೇಜಿನಲ್ಲಿ ಫುಟ್‌ಬಾಲ್ ಆಡಿದ ಹುಡುಗರನ್ನು ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನ 32 ತಂಡಗಳು ಸರದಿ ಪ್ರಕಾರ ಆರಿಸಿಕೊಳ್ಳುತ್ತವೆ. ಕೈಯಲ್ಲಿ ಹಿಡಿದು ಎಸೆಯುವ, ಅಮೆರಿಕದವರ ಫುಟ್‌ಬಾಲ್ ಇದು. ಅಲ್ಲಿ ನೆಲೆಸಿರುವ ನಮ್ಮವರ ಮನೆಗಳಲ್ಲಿ ಮಕ್ಕಳು ಇದನ್ನು ಕಣ್ಣು ಮಿಟುಕಿಸದೆ ನೋಡುತ್ತಾರೆ. ಪಕ್ಕದಲ್ಲಿ ಸುಮ್ನೆ ಕೂತಿರುವ ಅಪ್ಪ ಅಮ್ಮಂದಿರಿಗೆ ಇವತ್ತಿನ ನನ್ನ ಮಾತು.

ತಂಡ ಆಟ ಕಟ್ಟುವುದು ಚೆಂಡು ಎಸೆಯುವವನ, ಅಂದ್ರೆ ಕ್ವಾರ್ಟರ್‌ಬ್ಯಾಕ್ ಸುತ್ತ. ಚೆಂಡು ಅವನ ಕೈಗೆ ಬಂದಮೇಲೆ ಸಿಗುವುದು ಹೆಚ್ಚುಕಡಿಮೆ ಮೂರು ಸೆಕೆಂಡು. ಅಷ್ಟರಲ್ಲಿ ದೈತ್ಯರಂಥ ಆಳುಗಳು ಕೆಡವಲು ನುಗ್ಗುತ್ತಿರುತ್ತಾರೆ. ಯಾರಿಗೆ ಎಸೆಯಬೇಕೆಂದಿದ್ದನೋ ಅವನನ್ನು ಎದುರಾಳಿ ಅಡ್ಡಗಟ್ಟಿರುತ್ತಾನೆ. ಆಗ ಹುಡುಗ ಏನು ಮಾಡುತ್ತಾನೆ? ಅದನ್ನೇ ನೋಡಿ. ಅದೊಂದನ್ನೇ ನೋಡಿ.

ಆದರೆ ತಂಡದವರು ನೋಡುವುದು ಬೇರೆ. ಇಂಡಿಯಾನಾಪೊಲಿಸ್‌ನಲ್ಲಿ ಡ್ರಾಫ್ಟ್‌ಗೆ ಮುಂಚೆ ಹುಡುಗರನ್ನು ಸಾಲಾಗಿ ನಿಲ್ಲಿಸಿ ಎತ್ತರ ಅಳೆಯುತ್ತಾರೆ, ಅಂಗೈ ಅಳೆಯುತ್ತಾರೆ, 40 ಗಜ ಓಡಿಸುತ್ತಾರೆ. 2000ದಲ್ಲಿ ಮಿಚಿಗನ್ ವಿಶ್ವವಿದ್ಯಾಲಯದ ಟಾಮ್ ಬ್ರೇಡಿ ಆ 40 ಗಜಕ್ಕೆ ತೆಗೆದುಕೊಂಡದ್ದು 5.28 ಸೆಕೆಂಡು. ತುಂಬಾ ನಿಧಾನ. ಮೈಕಟ್ಟೂ ಬಡಕಲು. ಅಲ್ಲಿಗೆ ಅವನ ಲೆಕ್ಕ ಮುಗಿಯಿತು ಅಂದುಕೊಂಡರು.

ಅದೇ ವರ್ಷ ಜನವರಿ 1ರಂದು ಅವನು ಆರೆಂಜ್ ಬೌಲ್ ಎಂಬ ದೊಡ್ಡ ಕಾಲೇಜು ಪಂದ್ಯ ಆಡಿದ್ದ, ಅಲಬಾಮ ವಿಶ್ವವಿದ್ಯಾಲಯದ ವಿರುದ್ಧ. ನನಗೆ ಬಹಳ ಇಷ್ಟವಾದ ಪಂದ್ಯ, ಸ್ವಲ್ಪ ವಿವರವಾಗಿ ಹೇಳುತ್ತೇನೆ. ಮೊದಲು 14 ಅಂಕ ಹಿಂದೆ ಬಿದ್ದರು. ಸರಿಗಟ್ಟಿದರು. ಮತ್ತೆ 14 ಅಂಕ ಹಿಂದೆ ಬಿದ್ದರು. ಮತ್ತೆ ಸರಿಗಟ್ಟಿದರು! ಅವನು ಮಾತ್ರ ಒಂಚೂರೂ ಗಾಬರಿಯಾಗಲಿಲ್ಲ. ಒಬ್ಬನ ದಾರಿ ಮುಚ್ಚಿದ್ದರೆ ಇನ್ನೊಬ್ಬನಿಗೆ, ಅವನೂ ಇಲ್ಲವೆಂದರೆ ಮತ್ತೊಬ್ಬನಿಗೆ. ಅವನ ಎಸೆತಗಳಿಂದ ತಂಡ ಮುಂದೆ ಸಾಗಿದ್ದು ಒಟ್ಟು 369 ಗಜ, ಎದುರಾಳಿಯ ಕೊನೆಗೆರೆ ದಾಟಿಸಿ ಅಂಕ ಗಳಿಸಿದ್ದು, ಅಂದ್ರೆ ನಾಲ್ಕು ಟಚ್‌ಡೌನ್. ಹೆಚ್ಚುವರಿ ಆಟದ ಮೊದಲ ಎಸೆತವೇ ಟಚ್‌ಡೌನ್. ಅಲಬಾಮವೂ ಟಚ್‌ಡೌನ್ ಗಳಿಸಿತು, ಆದರೆ ಆಮೇಲಿನ ಒಂದು ಅಂಕದ ಒದೆತ ತಪ್ಪಿತು. ಮಿಚಿಗನ್ 35, ಅಲಬಾಮ 34.

ಇಷ್ಟೆಲ್ಲ ಎಲ್ಲರ ಕಣ್ಣೆದುರೇ ನಡೆದಿತ್ತು, ಅಲ್ವಾ? ಆದರೂ ಏಪ್ರಿಲ್‌ನಲ್ಲಿ ಆರು ಕ್ವಾರ್ಟರ್‌ಬ್ಯಾಕ್‌ಗಳನ್ನು ಆರಿಸಿದ ಮೇಲೆ, 199ನೆಯವನಾಗಿ ಅವನನ್ನು ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ತಂಡ ಆರಿಸಿತು. ಮುಂದೆ ಅವನು ಗೆದ್ದದ್ದು ಏಳು ಸೂಪರ್ ಬೌಲ್, ಅಂದ್ರೆ ಲೀಗ್‌ನ ಫೈನಲ್ ಪಂದ್ಯ. ಸ್ಟಾಪ್‌ವಾಚ್ ಹಿಡಿದು ಕೂತವರ ಮೇಲೆ ನನಗೆ ಇವತ್ತಿಗೂ ಸಿಟ್ಟು.

ಸಮಯ ಮುಗಿಯುತ್ತಾ ಬಂತು, ಉಳಿದದ್ದು ಬೇಗ ಹೇಳಿಬಿಡುತ್ತೇನೆ. 2007ರಲ್ಲಿ ಮೊದಲನೆಯವನಾಗಿ ಆಯ್ಕೆಯಾದ ಜಮಾರ್ಕಸ್ ರಸೆಲ್‌ದು ಭಾರೀ ತೋಳು, ಚೆಂಡು ಬಹಳ ದೂರ ಎಸೆಯುತ್ತಿದ್ದ. ಆದರೂ ಎನ್‌ಎಫ್‌ಎಲ್‌ನಲ್ಲಿ ಆಡಿದ್ದು ಮೂರೇ ಸೀಸನ್. 2022ರಲ್ಲಿ ಕಟ್ಟಕಡೆಯವನಾಗಿ, 262ನೆಯವನಾಗಿ ಆಯ್ಕೆಯಾದವನು ಬ್ರಾಕ್ ಪರ್ಡಿ. ಐಯೋವಾ ಸ್ಟೇಟ್‌ನಲ್ಲಿ ನಾಲ್ಕು ವರ್ಷ ಆಡಿ ಪಳಗಿದ ಹುಡುಗ. 2024ರ ಫೆಬ್ರವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ತಂಡವನ್ನು ಸೂಪರ್ ಬೌಲ್‌ಗೆ ತಂದಿದ್ದ.

ಮುಂದಿನ ಸಲ ಕಾಲೇಜು ಪಂದ್ಯ ನೋಡುವಾಗ ಚೆಂಡಿನ ಹಿಂದೆ ಕಣ್ಣು ಓಡಿಸಬೇಡಿ. ಎಸೆಯುವವನ ತಲೆ ಯಾವ ಕಡೆಯಿಂದ ಯಾವ ಕಡೆಗೆ ತಿರುಗುತ್ತದೆ ನೋಡಿ. ಪಕ್ಕದಲ್ಲಿ ಮಗನೋ ಮಗಳೋ ಇದ್ದರೆ, ಅವರಿಗೂ ತೋರಿಸಿ. ನಮಸ್ಕಾರ.